ಶೇಷ ಒಂದು

ಪಡುಕೆರೆಯ ಮರಳಲ್ಲಿ ವಿಲ್ಮಾ ಟೀಚರ್
ಚಪ್ಪಲಿಯ ತುದಿಯಿಂದ ಗೆರೆ ಎಳೆದರು:
ಇದರಾಚೆ ಇಲ್ಲ.
ಜೋಡಿಯ ಕೈ ಬಿಡುವ ಹಾಗಿಲ್ಲ.

ಅಲೆ ಬಂದು ಗೆರೆ ನೆಕ್ಕಿತು.
ಮತ್ತೆ ಎಳೆದರು, ನಾಲ್ಕು ಹೆಜ್ಜೆ ಹಿಂದೆ.

ಸೀಟಿ. ಎಣಿಕೆ. ಮೂವತ್ತು.
ಇನ್ನೊಮ್ಮೆ. ಮೂವತ್ತೇ.
ಬಲೆ ಹೊಲಿಯುತ್ತಿದ್ದ ವಾಮನ ಸಾಲ್ಯಾನರು
ಸೂಜಿ ಬಿಟ್ಟು ಎದ್ದು
ನೀರಿನ ಕಡೆಗೇ ಓಡಿದರು.

ದೋಣಿಯ ನೆರಳಲ್ಲಿ ಕುಕ್ಕರುಗಾಲಲ್ಲಿ ಐಫಾಜ್,
ಕಾಲು ಮುರಿದ ಏಡಿಗೆ ಬುದ್ಧಿ ಹೇಳುತ್ತಿದ್ದ:
"ಒಬ್ಬನೇ ಇಳಿಯಬಾರದು ಮಾರಾಯ.
ನನಗೂ ಜೋಡಿ ಸಿಗಲಿಲ್ಲ."

ಬೆಳಿಗ್ಗೆ ಎರಡೆರಡಾಗಿ ನಿಲ್ಲಿಸುವಾಗ
ಒಂದು ಉಳಿದದ್ದು
ಟೀಚರಿಗೆ ಈಗ ನೆನಪಾಯಿತು.
ಬೈಯಲು ತೆರೆದ ಬಾಯಿ
ಹಾಗೇ ಮುಚ್ಚಿತು.

ಬಸ್ಸಿನವರೆಗೆ ಅವರ ಕೈ
ಅವನ ಮರಳು ಮೆತ್ತಿದ ಮುಷ್ಟಿಯೊಳಗೆ.
ಮೆಟ್ಟಿಲಲ್ಲಿ ನಿಂತು ಎಣಿಸಿದವನು ಅವನೇ:
"ಟೀಚರ್ ಸೇರಿ ಮೂವತ್ತೆರಡು.
ರೈಟ್, ಪೋಯಿ!"