ನರ್ಸರಿಯಲ್ಲಿ ತಪಸ್ಸುಕಾಲ

ವಿಭೂತಿ ಬುಧವಾರದ ಮರುದಿನ
ಸಿದ್ದಾಪುರದಾಚೆ, ಹೊಳೆದಂಡೆಯ ನರ್ಸರಿಯಲ್ಲಿ
ನಾವು ಏಳು ಹೆಂಗಸರು ಗೋಣಿ ಹಾಸಿ ಕೂತು
ಪಾತಿಯ ಕಾಫಿ ಸಸಿಗಳನ್ನು ಮೆಲ್ಲಗೆ ಎಬ್ಬಿಸಿ
ಕರಿ ಚೀಲಗಳಿಗೆ ಇಳಿಸುತ್ತಿದ್ದೆವು.
ಒಡೆದ ಬೀಜದ ಸಿಪ್ಪೆ ಇನ್ನೂ ನೆತ್ತಿಯ ಮೇಲೆ;
ಟೋಪಿ ತೆಗೆಯಲು ಮರೆತು
ದೇವಾಲಯದೊಳಗೆ ನಿಂತವರ ಹಾಗೆ.

ಸವರಿಮುತ್ತು ಮೇಸ್ತ್ರಿಯದು ಇಡೀ ದಿನ ಒಂದೇ ಮಾತು:
‘ಎಲೆ ನೋಡಿ ಮೋಸ ಹೋಗಬೇಡಿ, ಬೇರು ನೋಡಿ.
ತಾಯಿಬೇರು ಕೊಕ್ಕೆಯಾಗಿದ್ದರೆ
ಮೂರು ವರ್ಷ ಹಸಿರಾಗೇ ಇರ್ತದೆ.
ಫಸಲಿನ ಹೊತ್ತಿಗೆ ಒಂದು ಬೇಸಿಗೆ ಸಾಕು.’

ನನ್ನ ಕೈಗೆ ಬಂದದ್ದು ಅಂಥದೇ ಒಂದು.
ಕಾಂಡ ಗಟ್ಟಿ, ಬಣ್ಣ ಚೆಂದ,
ಮಣ್ಣು ಕೊಡವಿದರೆ ಬೇರು ಮಾತ್ರ
ಕೆಳಗಿಳಿಯಲು ಮನಸ್ಸಿಲ್ಲದೆ
ಮೇಲಕ್ಕೇ ತಿರುಗಿತ್ತು, ಮೀನಿನ ಗಾಳದ ಹಾಗೆ.

ಯಾಕೋ ಎಸೆಯಲಾಗಲಿಲ್ಲ.

ಪೀಠದ ಬಟ್ಟೆಗೆ ಇಸ್ತ್ರಿ ಹಾಕುವವಳು ನಾನು,
ಭಾನುವಾರ ಮೊದಲ ವಾಚನ ನನ್ನದು,
ಬೈಬಲ್ ಸ್ಪರ್ಧೆಯಲ್ಲಿ ಎರಡು ಸಲ ಸ್ಟೀಲ್ ಡಬ್ಬಿ ಗೆದ್ದಿದ್ದೇನೆ.
ಲೈನ್‌ಮನೆಯಲ್ಲಿ ಯಾರಿಗೆ ಜ್ವರ ಬಂದರೂ
‘ಬ್ರಿಜಿತಮ್ಮನ ಕರೀರಿ, ಪ್ರಾರ್ಥನೆ ಮಾಡ್ತಾಳೆ’ ಅನ್ನುತ್ತಾರೆ.
ಮಾಡುತ್ತೇನೆ, ಗಟ್ಟಿ ದನಿಯಲ್ಲಿ, ತಡವರಿಸದೆ.
ದೇವರ ಬಗ್ಗೆ ಮಾತಾಡುವುದನ್ನು ಬಿಟ್ಟೇ ಇಲ್ಲ.
ದೇವರೊಂದಿಗೆ ಮಾತು ಬಿಟ್ಟು
ಎಷ್ಟು ಕಾಲವಾಯಿತೋ.
ಜಪಸರದ ಮಣಿ ಬೆರಳಿಂದ ಬೆರಳಿಗೆ ಜಾರುವಾಗ
ಕಾಫಿ ಹಣ್ಣು ಕುಯ್ಯುವ ಹಾಗೇ ಕೈ ಓಡುತ್ತದೆ,
ಕಿಲೋಗೆ ಎಷ್ಟು ಎಂಬ ಲೆಕ್ಕ ಒಳಗೆ.

ಮೇಸ್ತ್ರಿ ಸಸಿಯನ್ನು ಇಸಕೊಂಡರು,
ಕನ್ನಡಕ ಹಣೆಗೇರಿಸಿ ತಿರುಗಿಸಿ ನೋಡಿದರು.
‘ತುದಿ ಮಾತ್ರ ಮಡಚಿದೆ’ ಅಂದರು.
ಉಗುರಿನಿಂದ ಚಿಟಿಕೆಯಷ್ಟು ಚಿವುಟಿ
‘ಈಗ ನೆಟ್ಟಗೆ ಇಳಿಸು, ಆತುರ ಬೇಡ.’

ಅವತ್ತಿನಿಂದ, ಹಾಜರಿ ಗಂಟೆಗೆ ಮೊದಲು,
ಒಲೆಯ ಮುಂದಿನ ಮಣೆಯ ಮೇಲೆ ಕೂರುತ್ತೇನೆ.
‘ಪರಲೋಕದಲ್ಲಿರುವ ನಮ್ಮ ತಂದೆಯೇ’ –
ಅಷ್ಟೇ, ಮುಂದೆ ಹೋಗುವುದಿಲ್ಲ.
‘ತಂದೆಯೇ’ ಎಂಬಲ್ಲಿ ನಿಂತುಬಿಡುತ್ತೇನೆ.
ಮೊದಲ ವಾರ ಬಂದದ್ದು
ರೇಷನ್ ಕಾರ್ಡು, ಮಗಳ ಹಾಸ್ಟೆಲ್ ಫೀಸು,
ರಾತ್ರಿ ಬಾಳೆ ಮುರಿದು ಹೋದ ಆನೆ,
ಸಾಯುವ ಮುನ್ನ ನಾನು ನೋಡಲು ಹೋಗದ ಅಕ್ಕ.
ಅಕ್ಕ ಬಂದ ದಿನ
ಹಾಲು ಉಕ್ಕಿ ಒಲೆ ಆರಿತು,
ಏಳಲಿಲ್ಲ ನಾನು.

ಆಮೇಲೆ ಬೆಳಕು ಬಂತು ಎಂದು ಬರೆಯಬಹುದಿತ್ತು.
ಬರಲಿಲ್ಲ.
ಪಾಸ್ಕ ಹಬ್ಬ ಕಳೆಯಿತು, ಹೂಮಳೆಯೂ ಮುಗಿಯಿತು,
ಇದ್ದ ಸ್ವಲ್ಪ ತಂಪೂ ಒಳಗಿಂದ ಹೊರಟುಹೋಯಿತು.
ಕರೆದರೆ ನನ್ನ ದನಿಯೇ ನನಗೆ ತಿರುಗಿ ಬರುತ್ತಿತ್ತು.

ಮೇ ತಿಂಗಳಲ್ಲಿ ಮೇಸ್ತ್ರಿ ಏಣಿ ಹತ್ತಿ
ನರ್ಸರಿ ಚಪ್ಪರದ ಸೊಪ್ಪು ಕಿತ್ತು ಕಿತ್ತು ಹಾಕುತ್ತಿದ್ದರು.
ಬಿಸಿಲು ತುಂಡುತುಂಡಾಗಿ ಸಸಿಗಳ ಮೇಲೆ.
‘ಪಾಪ, ಸುಟ್ಟುಹೋಗ್ತವಲ್ಲ’ ಅಂದೆ ನಾನು.
‘ಒಂದೇ ಸಲ ತೆಗೆದರೆ ಸುಡ್ತದೆ,
ಅದಕ್ಕೇ ದಿನಕ್ಕಿಷ್ಟು ತೆಗೀತೇನೆ.
ನೆರಳಲ್ಲೇ ಇಟ್ಟರೆ ತೋಟದಲ್ಲಿ ನಿಲ್ತದಾ?’
ಇಳಿದು ಬೆವರೊರೆಸಿ ಒಂದೊಂದನ್ನೇ ಮುಟ್ಟಿ ನೋಡಿದರು.
ಸೊಪ್ಪು ಕಿತ್ತ ಕೈಯೇ
ಸಂಜೆ ನೀರಿನ ಡಬ್ಬಿ ಹಿಡಿದು ಬಂತು.

ನಾನು ಏನೂ ಹೇಳಲಿಲ್ಲ.
ಕೊನೆಯ ಸಾಲಿನಲ್ಲಿ, ಕೆಂಪು ದಾರ ಕಟ್ಟಿ ಗುರುತಿಟ್ಟ
ಆ ಚೀಲದ ಹತ್ತಿರ ತುಸು ಹೊತ್ತು ಕುಕ್ಕರುಗಾಲಲ್ಲಿ ಕೂತೆ.
ಆರು ಎಲೆ. ಬೇರು ಹೇಗಿದೆಯೋ,
ಅಗೆದು ನೋಡುವಂತಿಲ್ಲ.

ಜೂನ್‌ನಲ್ಲಿ ಗುಂಡಿಗಿಳಿಸಿ
ಬುಡದ ಮಣ್ಣು ಒತ್ತಿದೆ, ಗಾಳಿ ಉಳಿಯದ ಹಾಗೆ.
ತಂದೆಯೇ, ಅಂದೆ.
ಮಳೆ ಜೋರಾಯಿತು, ಕೊಪ್ಪೆ ಎಳೆದುಕೊಂಡು
ಮುಂದಿನ ಗುಂಡಿಗೆ ಹೋದೆ.