ಹಿಮ್ಮಡಿ ಮುಂದಾದವಳು

ಮೂರನೇ ಅಧ್ಯಾಯದಲ್ಲಿ ಅವಳಿಗೆ
ಸತ್ತುಹೋದ ಅಮ್ಮನೊಬ್ಬಳನ್ನು ಬರೆದುಕೊಟ್ಟೆ.
ಬೆಳಗ್ಗೆ ನೋಡಿದರೆ ಗೀಟೆಳೆದು ಹೊಡೆದುಹಾಕಿದ್ದಳು.
"ಕಾರಣ ಬೇಡ ಕಣೇ" ಅಂದಳು ಮೈಥಿಲಿ,
ಸೆಕೆಂಡ್ ಪಿಯು, ಸೈನ್ಸು, ಪಾದ ಹಿಂದುಮುಂದು.
"ಕೆಟ್ಟವಳಾಗೋಕೆ ಅಮ್ಮ ಸಾಯಲೇಬೇಕಾ?"

ಬೂಟಿನ ಮೂತಿಗೆ ಹಿಮ್ಮಡಿ ತುರುಕಿಸಿ
ಗೋಪಿ ಸರ್ಕಲ್ಲಿನಲ್ಲಿ ನಡೆಸಿದೆ. ಯಾರೂ ತಿರುಗಿ ನೋಡಲಿಲ್ಲ.
ವೈವಾದ ಹಿಂದಿನ ರಾತ್ರಿ
ಗೆಳತಿಯ ದನಿ ಕದಿಯಲು ಬಿಟ್ಟೆ.
ಕದ್ದಳು. ತುಂಗೆಯ ಸೇತುವೆಯಿಂದ ಎಸೆಯುತ್ತಾಳೆಂದುಕೊಂಡೆ;
ಜಾಮೆಟ್ರಿ ಬಾಕ್ಸಿನಲ್ಲಿಟ್ಟುಕೊಂಡು
ಬೇಜಾರಾದಾಗ ತೆಗೆದು ಕೇಳುತ್ತಾಳೆ.

ಪ್ರಕಾಶಕರ ಫೋನು:
"ಹದಿಹರೆಯದವರು ಓದೋ ಪುಸ್ತಕ,
ಕೊನೆಗಾದರೂ ಅವಳು ಅಳಲಿ ಮೇಡಂ."
ಅಳಿಸಿ ನೋಡಿದೆ.
ಕಣ್ಣೀರು ಬಂತು,
ಅದೂ ಯಾರದೋ ಕದ್ದದ್ದು.
ಅಳಿಸಿದೆ.

ಬರಿಗಾಲಲ್ಲಿ ಅವಳು ಬಂದರೆ
ಹೋದಳೆನ್ನುತ್ತದೆ ಅಂಗಳದ ಮಣ್ಣು.
ಈ ಸಾಲಿಗೆ ಎರಡು ದಿನ ಬೀಗಿದ್ದೆ.

ನಿನ್ನೆ ಕರೆಂಟು ಹೋದಾಗ
ಬೂಟು ಬಿಚ್ಚಿ, ನನ್ನ ಮೇಜಿನ ಮೇಲೆ ಕೂತು
ಕೇಳಿದಳು, ಕದ್ದ ದನಿಯಲ್ಲಿ:
"ಸಾಗರದ ಹಾಸ್ಟೆಲ್ಲು, ರೂಮ್ ಹನ್ನೊಂದು.
ಲೋಲಾಕ್ಷಿಯ ಪತ್ರ ವಾರ್ಡನ್ ಕೈಗೆ ಕೊಟ್ಟೆಯಲ್ಲ,
ಮಾರನೇ ವಾರ ಅವಳಪ್ಪ ಬಂದು
ಟ್ರಂಕು ಹೊತ್ತುಕೊಂಡು ಹೋದನಲ್ಲ,
ನಿನಗೇನಿತ್ತೇ ಕಾರಣ?"

ಅಮ್ಮ ಬದುಕಿದ್ದಳು. ಮನೆಯಲ್ಲಿ ಎಲ್ಲ ಸರಿಯಿತ್ತು.
ಲೋಲಾಕ್ಷಿಯ ಅಕ್ಷರ
ನನ್ನದಕ್ಕಿಂತ ಗುಂಡಗಿತ್ತು.
ಅಷ್ಟೇ.

ಮೇಣದಬತ್ತಿ ಹುಡುಕುವ ನೆಪದಲ್ಲಿ ಎದ್ದೆ.
ಕತ್ತಲಲ್ಲಿ ಒಂದು, ಎರಡು, ಮೂರು ಹೆಜ್ಜೆ
ಬಾಗಿಲ ಕಡೆಗೇ ಇಟ್ಟಿದ್ದೆ;
ನೋಡಿದರೆ
ಅವಳ ಹತ್ತಿರ ಬಂದಿದ್ದೇನೆ.