ಅಕ್ಷರಕ್ಕೆ ನಾಲ್ಕು ಪೌಂಡು

ಗೋರಿಕಲ್ಲಿಗೆ ಅಕ್ಷರ ಕೆತ್ತುವವನು ನಾನು.
ಹೆಸರು, ಹುಟ್ಟು, ಸಾವು, ಇಷ್ಟಕ್ಕೆ ಯಾರೂ ತಡವರಿಸುವುದಿಲ್ಲ.
ಅದರ ಕೆಳಗಿನ ಒಂದು ಸಾಲಿಗೆ
ತಿಂಗಳುಗಟ್ಟಲೆ ಅಲೆಯುತ್ತಾರೆ.
ನಿಘಂಟಿನಲ್ಲಿ ಪದಗಳಿಗೆ ಬೆಲೆಯಿಲ್ಲ, ನನ್ನಲ್ಲಿದೆ:
ಅಕ್ಷರಕ್ಕೆ ನಾಲ್ಕು ಪೌಂಡು. ಪೂರ್ಣವಿರಾಮ ಪುಕ್ಕಟೆ.

ಹೆಸ್ಟರ್ ಆಲ್ಡರ್‌ಸನ್ ಮೊದಲು ಬಂದದ್ದು ಮಾರ್ಚಿನಲ್ಲಿ,
ಸ್ವೇಲ್ ಕಣಿವೆಯ ಮೇಲ್ತುದಿಯಿಂದ, ಹನ್ನೊಂದರ ಬಸ್ಸಿಗೆ.
ಕುರಿ ಔಷಧಿಯ ರಸೀದಿಯ ಬೆನ್ನಿಗೆ ಬರೆದು ತಂದಿದ್ದಳು: ಬಿಲವೆಡ್.
ನಾನು ಹಿತ್ತಲ ಬಾಗಿಲು ತೆರೆದು ತೋರಿಸಿದೆ.
ಹದಿನಾಲ್ಕು ಕಲ್ಲು ಗೋಡೆಗೊರಗಿ ನಿಂತಿದ್ದವು,
ಒಂಬತ್ತರ ಮೇಲೆ ಬಿಲವೆಡ್.
"ಓ, ಇಷ್ಟು ಜನಕ್ಕೆ ಆಯ್ತಾ," ಅಂದು
ರಸೀದಿ ಮಡಚಿ ಕೋಟಿಗೆ ಸೇರಿಸಿದಳು.

ಆಕೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ.
ಆ ಕಣಿವೆಯವರಿಗೆಲ್ಲ ಹಾಗೇ;
ಗಾಳಿ ಜಾಸ್ತಿ, ಮೊದಲು ಹಾರಿಹೋಗುವುದು ಅದೇ.
ಅವಳ ಹೆಸರನ್ನೇ ಎಸ್ಟರ್ ಅಂತ ಬರೆದು ಆಮೇಲೆ ತಿದ್ದಿದ್ದೆ.
"ನಮ್ ಕ್ಲಿಫ್ ಏನೂ ಏಳ್ತಿರಲಿಲ್ಲ.
ಏಳದೇ ಇರೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?"

ಸೈಲೆಂಟ್, ಅಂದೆ.
ಅದು ಸತ್ತಮೇಲಿನದು. ಈಗ ಅಲ್ಲಿ ಎಲ್ಲರೂ ಅದೇ.
ಕ್ವಯಟ್?
ಅದು ಮಕ್ಕಳಿಗೆ ಏಳೋದು, ಇಗರ್ಜಿಯಲ್ಲಿ.
ರಿಸರ್ವ್ಡ್?
ರೈಲಿನ ಸೀಟಾ?
ಟ್ಯಾಸಿಟರ್ನ್ ಅಂತೊಂದಿದೆ, ಪುಟ ತಿರುವಿದೆ.
ನಾಲಿಗೆಯ ಮೇಲಿಟ್ಟು ನೋಡಿ, ಔಷಧಿ ಅಂಗಡಿಯದು ಅಂದಳು.

ನಾದಿನಿ ಲೀಡ್ಸಿನಿಂದ ಫೋನಿನಲ್ಲಿ ಸ್ಟೆಡ್‌ಫಾಸ್ಟ್ ಎಂದಳಂತೆ.
"ನಾಯಿಗಾದರೆ ಸರಿ."
ಪಾದ್ರಿ ಕೊಟ್ಟದ್ದು ಲ್ಯಾಟಿನ್; ಅದನ್ನು ಬಸ್ಸು ಹತ್ತಿಸಲೇ ಇಲ್ಲ.

ಮೇ ತಿಂಗಳಲ್ಲೊಮ್ಮೆ ಬರಿಗೈಲಿ ಬಂದಳು.
ಸ್ಟೂಲಿನ ಮೇಲೆ ಕೂತು ಗೋಡೆಯ ಸುದ್ದಿ ತೆಗೆದಳು.
ಗಾರೆಯಿಲ್ಲದ ಗೋಡೆ ಕಟ್ಟುತ್ತಿದ್ದನಂತೆ ಕ್ಲಿಫ್,
ಐವತ್ತೆರಡು ವರ್ಷ, ಕಲ್ಲ ಮೇಲೆ ಕಲ್ಲು.
"ಆಚೆ ಮುಖಕ್ಕೊಂದು ಸಾಲು, ಈಚೆ ಮುಖಕ್ಕೊಂದು.
ಜನ ನೋಡೋದು ಅದನ್ನ.
ನಡುವೆ ಪೊಳ್ಳು. ಅಲ್ಲಿಗೆ ಮುಷ್ಟಿಗಾತ್ರದ ಚೂರು ಬೇಕು,
ಸುರಿಯೋ ಆಗಿಲ್ಲ, ಒಂದೊಂದೇ ಕೂರಿಸಬೇಕು, ಅಲುಗದ ಆಗೆ.
ಸೋಮಾರಿಗಳು ಮಣ್ಣು ತುಂಬ್ತಾರೆ.
ಎರಡು ಚಳಿಗಾಲಕ್ಕೆ ಗೋಡೆ ಒಟ್ಟೆ ಬಿಟ್ಟು ಬೀಳುತ್ತೆ."

ಆ ಚೂರಿಗೆ ಏನಂತಾರೆ, ಕೇಳಿದೆ.
"ಆರ್ಟಿಂಗ್."
ಅಂದವಳು ಸುಮ್ಮನಾದಳು.
ನಾನೂ ಉಳಿ ಕೆಳಗಿಟ್ಟೆ.
ಕೆಟಲು ತಾನೇ ಕೂಗಿ ತಾನೇ ನಿಂತಿತು.

ಪಾದ್ರಿ ಒಪ್ಪಲು ಆರು ವಾರ.
ಓದಿದವರು ಹರ್ಟಿಂಗ್ ಅಂದುಕೊಂಡಾರು, ನೋವು ಅಂತ;
ಕೆತ್ತಿದವನಿಗೆ ಕಾಗುಣಿತ ಬಾರದು ಅಂದಾರು.
ಹೆಸ್ಟರ್ ಅವನನ್ನು ಮೇಲಿನ ಹೊಲಕ್ಕೆ ನಡೆಸಿಕೊಂಡು ಹೋಗಿ
ಬೇರೆ ಯಾರೋ ಕಟ್ಟಿದ್ದ, ಕುಸಿದ ಗೋಡೆಯೊಂದರ
ಬಸಿರು ತೋರಿಸಿದಳಂತೆ.
ಬೂಟಿನ ಕೆಸರು ಒಣಗುವ ಮೊದಲೇ ಸಹಿ ಬಿತ್ತು.

ಎಂಟು ಅಕ್ಷರ. ಮೊದಲನೆಯದು ಎಚ್.
ಆಚೆಗೊಂದು ಕಂಬ, ಈಚೆಗೊಂದು,
ಎರಡನ್ನೂ ಬೀಳಗೊಡದೆ ನಡುವೆ ಒಂದು ಗೀರು.
ಇದು ಬೇಕೇ, ನೀವು ಇದನ್ನು ಹೇಳುವುದೇ ಇಲ್ಲವಲ್ಲ, ಅಂದೆ.
"ಇರಲಿ. ಅವನೂ ಏಳ್ತಿರಲಿಲ್ಲ.
ಇತ್ತು."

ಲೆಕ್ಕಕ್ಕೆ ಕೂತಾಗ ಎಚ್ ಬಿಟ್ಟು ಎಣಿಸಿದೆ.
ಎಷ್ಟಕ್ಷರದ ದುಡ್ಡು, ಅಂದಳು.
"ಏಳು," ಅಂದೆ.
"ಏನು ಏಳಲಿ?" ಅಂದಳು ಹೆಸ್ಟರ್,
ತೆರೆದ ಪರ್ಸು ಕೈಯಲ್ಲೇ,
ಕಲ್ಲಿನ ಕಡೆ ತಿರುಗಿ,
ಬಹಳ ಹೊತ್ತು.